ಹನ್ನೆರಡು ನಾಲಗೆಯ ಪೆಟ್ಟಿಗೆ

ನಾಲ್ಕು ಗಂಟೆಗೆ ಬರಹೇಳಿದ ಜಾಗಕ್ಕೆ ಬೀಗ ರಿಪೇರಿಯವನು ಎರಡು ಗಂಟೆಗೇ ಬಂದು ನಿಂತದ್ದು ಎಲ್ಲ ಅನಾಹುತಕ್ಕೂ ಮೂಲ. ತಡವಾಗಿ ಬಂದಿದ್ದರೆ ಒಂದು ಮಾತು ಅನ್ನಿಸಿಕೊಂಡು ಮುಗಿಯುತ್ತಿತ್ತು. ಬೇಗ ಬಂದವನ ಕೈಯಲ್ಲಿ ಏನು ಮಾಡಬೇಕೆಂದು ತಿಳಿಯದ ಎರಡು ಗಂಟೆ ಉಳಿದುಬಿಟ್ಟಿತು.

ಆ ಜಾಗ ನಗರದ ನಟ್ಟನಡುವಿನ ಹಳೆಯ ಉದ್ಯಾನ. ಅದರೊಳಗಿನ ವಸ್ತುಸಂಗ್ರಹಾಲಯದ ನೂರಾರು ಕೋಣೆ ಕಪಾಟುಗಳ ಕೀಲಿಕೈ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಗೇಟಿನ ಕಾವಲಿಗೆ ಸೇರಿ ಇನ್ನೂ ಮೂರು ತಿಂಗಳಾಗಿದ್ದ ಭಾವಮೈದುನ ಆ ಸುದ್ದಿ ತಂದಿದ್ದ. ಊರಿನ ಬಾಗಿಲುಗಳೆಲ್ಲ ಈಗ ಅಂಕಿ ಒತ್ತಿದರೆ, ಬೆರಳಿಟ್ಟರೆ ತೆರೆದುಕೊಳ್ಳುತ್ತಿದ್ದವು. ಕೀಲಿಕೈ ಕಳೆದುಕೊಳ್ಳುವವರೇ ಇಲ್ಲವಾದ ಮೇಲೆ ಬೀಗದ ಅಂಗಡಿಯಲ್ಲಿ ನೊಣ ಹೊಡೆಯುವುದೊಂದೇ ಕೆಲಸ. "ಇದೂ ಸಿಗದೆ ಹೋದ್ರೆ ನಿಮ್ಮ ಅಂಗಡಿಗೆ ನಾನೇ ಬೀಗ ಹಾಕ್ತೀನಿ" ಎಂದಿದ್ದಳು ಹೆಂಡತಿ, ಅವನ ಅಂಗಿಗೆ ಗುಂಡಿ ಹೊಲಿಯುತ್ತ. ತಮಾಷೆಗೆ ಹೇಳಿದಂತಿರಲಿಲ್ಲ.

ಪಕ್ಕದ ಅಂಗಡಿಯ ಕ್ಷೌರದವನು ಕರೆಯದೇ ಜೊತೆಗೆ ಹೊರಟುಬಂದಿದ್ದ. ಬೆಳಿಗ್ಗೆ ಅವನೇ ಕೆರೆದ ಬೀಗದವನ ಕೆನ್ನೆ ಸುಲಿದ ಆಲೂಗಡ್ಡೆಯಂತೆ ಹೊಳೆಯುತ್ತಿತ್ತು. ಅದರ ಮೇಲೆ ತನಗೂ ಹಕ್ಕಿದೆ ಎನ್ನುವಂತೆ ಆಗಾಗ ತಿರುಗಿ ನೋಡುತ್ತಿದ್ದ.

"ಭಾವ, ಇನ್ನೂ ಹೊತ್ತಿದೆ. ಒಂದು ಸುತ್ತು ಹಾಕ್ಕೊಂಡು ಬನ್ನಿ" ಎಂದ ಗೇಟಿನಲ್ಲಿ ಭಾವಮೈದುನ. "ಆದ್ರೆ ಯಾವುದನ್ನೂ ಮುಟ್ಟಬೇಡಿ."

"ಮುಟ್ಟೋಕೆ ನಾನೇನು ಮಗುವೇನಪ್ಪ?"

"ನಾನಿರ್ತೀನಲ್ಲ, ನೋಡ್ಕೊತೀನಿ" ಎಂದ ಕ್ಷೌರದವನು. ಭಾವಮೈದುನನ ಮುಖ ಇನ್ನಷ್ಟು ಇಳಿಯಿತು.

ಇಪ್ಪತ್ತು ವರ್ಷಗಳಿಂದ ಬಸ್ಸಿನ ಕಿಟಕಿಯಲ್ಲಿ ಬರೀ ಬೇಲಿಯಾಗಿ ಓಡಿಹೋಗುತ್ತಿದ್ದ ಉದ್ಯಾನ ಅದು. ಒಳಗೆ ಕಾಲಿಟ್ಟ ಮೇಲೆ ಬೀಗದವನ ನಡಿಗೆ ತಾನಾಗಿ ನಿಧಾನವಾಯಿತು. ಇಬ್ಬರು ತೋಳು ಚಾಚಿದರೂ ತಬ್ಬಲಾಗದ ಮರಗಳು ಎರಡು ಸಾಲಾಗಿ ನಿಂತು, ಮೇಲೆಲ್ಲೋ ತಲೆಗೆ ತಲೆ ಕೊಟ್ಟು ಮಾತಾಡಿಕೊಳ್ಳುತ್ತಿದ್ದವು. ಇವನ್ನು ನೆಟ್ಟವರು ಇವುಗಳ ನೆರಳಲ್ಲಿ ಕೂತಿರಲಾರರು ಎಂಬುದು ಹೊಳೆದು ಅವನಿಗೆ ಒಂದು ಕ್ಷಣ ನಾಚಿಕೆಯಾಯಿತು, ಯಾರದೋ ಊಟದೆಲೆಯ ಮುಂದೆ ತಾನು ಬಂದು ಕೂತ ಹಾಗೆ. ಗಾಜಿನ ಮನೆಯೊಳಗೆ ತಾವರೆ ಎಲೆಗಳು ಮಂಚದಷ್ಟು ಅಗಲವಾಗಿ ನೀರಿನ ಮೇಲೆ ಮಲಗಿದ್ದವು. ಹುಟ್ಟಿದಾಗಿನಿಂದ ಮಾತು ನಿಲ್ಲಿಸದ ಕ್ಷೌರದವನು ಅಲ್ಲಿ ಪೂರಾ ಮೂರು ನಿಮಿಷ ಸುಮ್ಮನಿದ್ದ. ಹನಿಯೊಂದು ಗಾಜಿನಿಂದ ಜಾರಿ ನೀರಿಗೆ ಬಿದ್ದದ್ದು ಕೇಳಿಸಿತು.

ಎಡವಟ್ಟಾದದ್ದು ವಸ್ತುಸಂಗ್ರಹಾಲಯದಲ್ಲಿ.

ಎತ್ತರದ ಹಜಾರ. ನಡುವೆ ಹಗ್ಗದ ಬೇಲಿಯೊಳಗೆ ಎಮ್ಮೆಕರುವಿನಷ್ಟು ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆ. ಮುಚ್ಚಳದ ಮಧ್ಯದಲ್ಲಿ ಬೀಗದ ಕಣ್ಣು. ಪಕ್ಕದ ಫಲಕವನ್ನು ಕ್ಷೌರದವನು ಗಟ್ಟಿಯಾಗಿ ಓದಿದ: "ನೂರೈವತ್ತು ವರ್ಷಗಳಿಂದ ಇದು ತೆರೆದಿಲ್ಲ. ಕೀಲಿಕೈ ಕಳೆದುಹೋಗಿದೆ. ಮುಟ್ಟಬಾರದು."

ಬೀಗದವನು ಆ ಕಣ್ಣನ್ನು ನೋಡಿದ. ಕಣ್ಣೂ ಅವನನ್ನು ನೋಡಿತು.

"ಏನಣ್ಣ, ಬೀಗದ ಕಸುಬಿನವನು ನೀನು, ತೆಗೆಯೋಕಾಗುತ್ತಾ?" ಎಂದ ಕ್ಷೌರದವನು.

"ಮುಟ್ಟಬಾರದು ಅಂತ ಬರೆದಿದೆಯಲ್ಲ."

"ಅದು ಕೆಲಸ ಬರದೇ ಇದ್ದೋರಿಗೆ ಬರೆದಿರೋದು."

ಅಲ್ಲೇ ನಿಂತಿದ್ದ ಕೊಡೆ ಹಿಡಿದ ಅಜ್ಜಿಯೊಬ್ಬರು ತಿರುಗಿದರು. "ನೀವು ಬೀಗದವರಾ? ಸುಮ್ಮನಿರಿಪ್ಪ. ನೂರೈವತ್ತು ವರ್ಷ ಆಗದ್ದು ನಿಮ್ಮ ಕೈಲಾಗುತ್ತಾ?"

"ಅಜ್ಜಿ, ಇವರ ಕೈ ನಿಮಗೆ ಗೊತ್ತಿಲ್ಲ" ಎಂದ ಕ್ಷೌರದವನು. "ಆದ್ರೆ ಒಂದು ನಿಜ. ಹೋದ ವಾರ ನನ್ನ ಅಂಗಡಿ ಬೀಗ ತೆಗೆಯೋಕೆ ಇವರಿಗೆ ಅರ್ಧ ದಿನ ಹಿಡೀತು."

"ಅದು ತುಕ್ಕು ಹಿಡಿದಿತ್ತು ಕಣೋ."

"ಇದು ಹಿಡಿದಿಲ್ವಾ? ಬಿಡಣ್ಣ, ಬಾ ಹೋಗೋಣ. ಪಾಪ, ಎಲ್ಲರ ಕೈಲೂ ಎಲ್ಲಾ ಆಗಲ್ಲ."

ಪಾಪ ಎಂಬ ಆ ಒಂದು ಮಾತಿಗೆ ಬೀಗದವನು ಹಗ್ಗ ದಾಟಿಬಿಟ್ಟ. ಹಜಾರದ ಕಾವಲಿನವನು ಚಹಾಕ್ಕೆ ಹೋಗಿದ್ದ. ಒಳಜೇಬಿನಿಂದ, ಕೀಲಿಕೈ ಇಲ್ಲದೆ ಬೀಗ ತೆಗೆಯುವ ಉಕ್ಕಿನ ಕೊಕ್ಕೆ ಹೊರಬಂತು. ಅದನ್ನು ಬೀಗದ ಕಣ್ಣಿಗಿಳಿಸಿ, ಕಿವಿಯನ್ನು ಕಬ್ಬಿಣಕ್ಕೆ ಒತ್ತಿ, ಉಸಿರು ಹಿಡಿದ. ಒಳಗೆ ಯಾರೋ ಬಹಳ ಹಿಂದೆ ಮಾತು ನಿಲ್ಲಿಸಿ ಕೂತಂಥ ಮೌನ. ಅವನ ಕೊಕ್ಕೆ ಮೆಲ್ಲಗೆ ಮಾತಾಡಿಸಿತು. ಎರಡು ಸಲ ಉತ್ತರವಿಲ್ಲ. ಮೂರನೆಯ ಸಲಕ್ಕೆ, ನಿದ್ದೆಯಿಂದ ಎದ್ದವರು ಲಟಿಕೆ ಮುರಿದಂತೆ, ಲಟಲಟ ಎಂದು ಹನ್ನೆರಡು ಸದ್ದು.

ಅಜ್ಜಿಯ ಕೊಡೆ ಕೆಳಗೆ ಬಿತ್ತು.

ಮುಚ್ಚಳ ಭಾರ, ಎರಡೂ ಕೈ ಬೇಕು. ಎರಡೂ ಕೈ ಬೇಕಾದಾಗ ಕೊಕ್ಕೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಆ ಕಸುಬಿನವರೆಲ್ಲರ ರೂಢಿ. ಹಾಗೇ ಕಚ್ಚಿಕೊಂಡು ಎತ್ತಿದ.

ಮುಚ್ಚಳದ ಒಳಮೈ ಪೂರ್ತಿ ಬೀಗವೇ. ಪೆಟ್ಟಿಗೆಯ ಅಂಚಿಗೆ ಕಚ್ಚುವ ಹನ್ನೆರಡು ಉಕ್ಕಿನ ನಾಲಗೆಗಳು ನಡುವಿನ ಒಂದೇ ಸುರುಳಿಯಿಂದ ದಳಗಳಂತೆ ಹರಡಿದ್ದವು. ಒಂದೊಂದು ದಳದ ಮೇಲೂ ಒಂದೊಂದು ಹಕ್ಕಿ, ಹಕ್ಕಿಯ ಒಂದೊಂದು ಗರಿಗೂ ಬೇರೆ ಬೇರೆ ಗೀರು. ಯಾರ ಕಣ್ಣಿಗೂ ಬೀಳದ ಕಡೆ, ಕತ್ತಲಲ್ಲಿ ಇರುವುದಕ್ಕೆಂದೇ, ಯಾರೋ ಒಬ್ಬ ಬೀಗದವನು ವರ್ಷಗಟ್ಟಲೆ ಕೂತು ಕೆತ್ತಿದ್ದ. ನಮ್ಮವನ ಕಣ್ಣು ಅರಳಿತು, ಬಾಯಿ ತೆರೆಯಿತು.

ಕೊಕ್ಕೆ ಪೆಟ್ಟಿಗೆಯೊಳಗೆ ಬಿತ್ತು.

ಬಗ್ಗಿ ನೋಡಿದ. ತಳದಲ್ಲಿ ಚಿನ್ನವಿಲ್ಲ, ಕಾಗದವಿಲ್ಲ. ಉದ್ದನೆಯ ಕೀಲಿಕೈ ಒಂದು. ಅದರ ಸುತ್ತ ಕೊಕ್ಕೆಗಳು; ತನ್ನದನ್ನು ಬಿಟ್ಟು ಆರು. ತನ್ನದನ್ನು ಎತ್ತಿಕೊಳ್ಳಲು ಒಂದು ಕೈ ಬಿಟ್ಟ. ಇನ್ನೊಂದು ಕೈಗೆ ಮುಚ್ಚಳ ನಿಲ್ಲಲಿಲ್ಲ. ಕೈ ಎಳೆದುಕೊಂಡದ್ದೇ ಪುಣ್ಯ. ಮುಚ್ಚಳ ಧಡ್ ಎಂದು ಮುಚ್ಚಿಕೊಂಡಿತು; ಹನ್ನೆರಡೂ ನಾಲಗೆ ತಾವಾಗಿಯೇ ಹೊರಬಂದು ಕಚ್ಚಿಕೊಂಡವು.

"ಇನ್ನೊಂದ್ಸಲ ತೆಗಿ ಅಣ್ಣ, ನನಗೆ ಸರಿಯಾಗಿ ಕಾಣಲಿಲ್ಲ" ಎಂದ ಕ್ಷೌರದವನು.

"ಯಾವುದರಲ್ಲಿ ತೆಗೀಲಿ?"

ನಾಲ್ಕಕ್ಕೆ ಸರಿಯಾಗಿ ಅವನು ನಿರ್ದೇಶಕಿಯ ಕೋಣೆಯಲ್ಲಿ ಕೂತಿದ್ದ. ನರೆತ ಕೂದಲಿನ, ತಗ್ಗಿದ ದನಿಯ ಹೆಂಗಸು. ಅವನ ಕಸುಬು, ಅನುಭವ ಎಲ್ಲ ಕೇಳಿ ತೃಪ್ತಿಯಿಂದ ತಲೆದೂಗಿ, ಮೇಜಿನ ಮೇಲೆ ಒಂದು ಚಿಕ್ಕ ಬೀಗ ಇಟ್ಟರು.

"ಇದನ್ನು ತೆಗೆದು ತೋರಿಸಿ."

ಅವನು ಎಡಜೇಬು ಮುಟ್ಟಿಕೊಂಡ. ಬಲಜೇಬು ಮುಟ್ಟಿಕೊಂಡ. ಆಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಈಗ ಪೆಟ್ಟಿಗೆಯೊಳಗೆ ಎಷ್ಟಾದವು?" ಎಂದು ಕೇಳಿದರು ಅವರು.

"ಏಳು ಅಮ್ಮ. ನನ್ನದೂ ಸೇರಿ. ಕೀಲಿಕೈನೂ ಅಲ್ಲೇ ಇದೆ" ಎಂದ.

"ಗೊತ್ತು. ಮೊದಲು ಬಂದವರೇ ಹೇಳಿದ್ರು. ಈ ಕೆಲಸಕ್ಕೆ ಅಂತ ಬಂದ ಏಳೂ ಜನ ಅದನ್ನ ತೆಗೆದ್ರಿ. ನಿಮ್ಮಲ್ಲಿ ಯಾರಿಗೂ ಕೈ ಸಾಲದು ಅನ್ನೋ ಹಾಗಿಲ್ಲ. ಆದ್ರೆ ನನಗೆ ಬೇಕಿರೋದು ತೆಗೀದೆ ಬರೋರು."

ಅವನು ಎದ್ದ. ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಬಾಗಿಲವರೆಗೆ ಹೋದ.

"ಒಂದು ನಿಮಿಷ" ಎಂದರು. ದನಿ ಇನ್ನೂ ತಗ್ಗಿತ್ತು. "ಇಲ್ಲಿ ಇಪ್ಪತ್ತೆರಡು ವರ್ಷ ಆಯ್ತು ನನಗೆ. ಸಿಬ್ಬಂದಿ ಅದನ್ನ ಮುಟ್ಟೋ ಹಾಗಿಲ್ಲ ಅಂತ ನಿಯಮ. ಆ ಮುಚ್ಚಳದ ಒಳಗಡೆ... ಹೇಗಿದೆ?"

ಬೀಗದವನು ತಿರುಗಿದ. ಹೇಳಬೇಕೆಂದು ಎರಡೂ ಕೈ ಮೇಲೆತ್ತಿದ, ಬೆರಳುಗಳನ್ನು ದಳದಂತೆ ಅರಳಿಸಿದ. ಬಾಯಿ ತೆರೆಯಿತು. ತೆರೆದೇ ಇತ್ತು.

ನಿರ್ದೇಶಕಿ ಮೆಲ್ಲಗೆ ಫೈಲು ಮುಚ್ಚಿದರು.

"ಉಳಿದ ಆರು ಜನಾನೂ ಇಷ್ಟೇ ಹೇಳಿದ್ರು."