ಮುಚ್ಚಿದ ಬಾಗಿಲಿನಾಚೆ ತಮ್ಮನ ಊಟ

ನಮ್ಮ ಅಕ್ಕನಿಗೆ ಸತ್ತವರನ್ನು ಸುಮ್ಮನೆ ಬಿಡುವ ಅಭ್ಯಾಸವೇ ಇಲ್ಲ. ಇನ್ನು ಬದುಕಿರುವವರ ಪಾಡು ಕೇಳಬೇಡಿ!

ಕಾರ್ಕಳದ ಶಾಲೆಯೊಂದರಲ್ಲಿ ಮಕ್ಕಳಿಗೆ ಮಾವಿನಹಣ್ಣು, ಹೂಜಿಯ ಚಿತ್ರ ಬರೆಯಲು ಕಲಿಸಿ ನಿವೃತ್ತಳಾದ ಈ ಮಹಾತಾಯಿ ಈಗ ಟ್ಯಾಬ್‌ನಲ್ಲಿ ಕಾಮಿಕ್ಸ್ ಬರೆಯುತ್ತಾಳೆ. ನಾಲ್ಕು ಚೌಕ, ನಾಲ್ಕು ಮಾತು. ಪ್ರತಿ ಶುಕ್ರವಾರ ಬೆಳಿಗ್ಗೆ ಇಂಟರ್‌ನೆಟ್ಟಿಗೆ ಹಾಕಿ ಊರಿಗೆಲ್ಲ ಹಂಚುತ್ತಾಳೆ. ಕಥಾನಾಯಕ ಯಾರು ಗೊತ್ತೆ? ಮೂರು ವರ್ಷದ ಹಿಂದೆ ಬೈಕ್ ಜಾರಿ ತೀರಿಹೋದ ನಮ್ಮ ತಮ್ಮ!

ನಮ್ಮ ಕಡೆ ವರ್ಷಕ್ಕೊಮ್ಮೆ ತೀರಿಹೋದವರಿಗೆ ಬಡಿಸುವ ಕ್ರಮವುಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಹಾಕಿ, ಬಾಗಿಲು ಎಳೆದುಕೊಂಡು, ಮನೆಮಂದಿಯೆಲ್ಲ ಹೊರಗೆ ಹತ್ತು ನಿಮಿಷ ಮಾತಿಲ್ಲದೆ ನಿಲ್ಲುವುದು. ಒಳಗೆ ಏನಾಗುತ್ತದೆಂದು ಕಂಡವರಿಲ್ಲ. ಅಕ್ಕ ಬರೆಯುವುದು ಆ ಹತ್ತು ನಿಮಿಷವನ್ನೇ.

ಮೊದಲ ವರ್ಷ ಚಿಕ್ಕಮ್ಮ ಕೋಳಿ ಸುಕ್ಕ, ಬಂಗುಡೆ ಮೀನಿನ ಫ್ರೈಯ ಜೊತೆ ಒಂದು ಬಿಯರ್ ಬಾಟಲಿಯನ್ನೂ ಇಟ್ಟಿದ್ದರು, ಮುಚ್ಚಳ ತೆಗೆಯದೆ. ಅಕ್ಕನ ಚಿತ್ರದಲ್ಲಿ ತಮ್ಮ ಹಲ್ಲಿನಿಂದ ಮುಚ್ಚಳ ಕಚ್ಚುತ್ತಿದ್ದಾನೆ. ಪಕ್ಕದ ಎಲೆಗೆ ಕೂತ, ಎಂದೋ ತೀರಿಹೋದ ನಮ್ಮ ಅಜ್ಜ ಹೇಳುತ್ತಾರೆ: "ಹಲ್ಲು ಹೋದೀತು ಮಾರಾಯ, ಇಲ್ಲಿಂದ ಮಣಿಪಾಲದ ಆಸ್ಪತ್ರೆ ದೂರ ಉಂಟು!" ಮರುವರ್ಷ ನೋಡಿದರೆ ಎಲೆಯ ಬದಿಯಲ್ಲಿ ಓಪನರ್ ಮೂರು!

ಕಟಪಾಡಿಯ ಮಾವ ನನಗೆ ಫೋನ್ ಮಾಡಿ ಕೂಗಾಡಿದರು. "ಎಂತದು ಇದು? ಮನೆಯ ಸಾವನ್ನು ಊರಿಗೆಲ್ಲ ತೋರಿಸಿ ನಗಿಸುವುದಾ?"

"ನಾನು ಅಕ್ಕನಿಗೆ ಹೇಳ್ತೇನೆ ಮಾವ."

"ಹೇಳು. ಮತ್ತೆ, ಚಿತ್ರದಲ್ಲಿ ಬಾಗಿಲ ಹತ್ರ ನಿಂತದ್ದು ನಾನಲ್ವಾ? ಅಷ್ಟು ಹೊಟ್ಟೆ ಉಂಟಾ ನನಗೆ?"

ಮಣಿಪಾಲದ ಹಾಸ್ಟೆಲಿನ ಹುಡುಗಿಯೊಬ್ಬಳು ಚಿತ್ರದ ಕೆಳಗೆ ಬರೆದಳು: "ಆಂಟಿ, ನಮ್ಮಪ್ಪನನ್ನೂ ಆ ಸಾಲಿನಲ್ಲಿ ಕೂರಿಸ್ತೀರಾ?" ಅಕ್ಕ ಕೂರಿಸಿಯೇ ಬಿಟ್ಟಳು. ಬಂಗುಡೆಯನ್ನೂ ಬಡಿಸಿದಳು. ಆ ಪುಣ್ಯಾತ್ಮ ಮೊಟ್ಟೆಯನ್ನೂ ಮುಟ್ಟದವರೆಂದು ಆಮೇಲೆ ತಿಳಿದು, ಮುಂದಿನ ಶುಕ್ರವಾರ ಕ್ಷಮೆ ಕೇಳಿ ಎಲೆ ಬದಲಿಸಿದಳು!

ಎಲ್ಲರೂ ನಕ್ಕರು. ನಗದವನು ನಾನೊಬ್ಬ. ಕಾರಣ ಹೇಳಿಬಿಡುತ್ತೇನೆ. ನಾನು ಹುಟ್ಟಾ ಚಿಂತೆಯವನು. ಕಾಪುವಿನ ನನ್ನ ಮನೆಯಿಂದ ಯಾರಾದರೂ ಪಕ್ಕದ ಕಟಪಾಡಿಗೆ ಹೊರಟರೂ "ಮುಟ್ಟಿದಿರಾ?" ಎಂದು ಫೋನ್ ಮಾಡದಿದ್ದರೆ ಅನ್ನ ಇಳಿಯುವುದಿಲ್ಲ. ಆ ದಿನ ತಮ್ಮ ನನ್ನ ಮನೆಯಿಂದ ಅಕ್ಕನ ಮನೆಗೆ ಹೊರಟಿದ್ದ. ಮಳೆ ಹನಿಯುತ್ತಿತ್ತು. ಫೋನ್ ಮಾಡಿದೆ. ಎತ್ತಲಿಲ್ಲ. ಜೇಬಿಗೆ ಕೈ ಹಾಕಿದಾಗಲೇ ಬೈಕ್ ಜಾರಿತೋ ಏನೋ, ಯಾರಿಗೆ ಗೊತ್ತು? ನನಗೆ ಗೊತ್ತು. ನನ್ನ ಚಿಂತೆಯೇ ಅವನನ್ನು ಕೊಂದಿತು. ಇದನ್ನು ಮೂರು ವರ್ಷದಿಂದ ಯಾರಿಗೂ ಹೇಳಿಲ್ಲ, ಹೆಂಡತಿಗೂ.

ಒಂದು ಶುಕ್ರವಾರ ಅಕ್ಕ ಆ ಫೋನನ್ನೂ ಬರೆದುಬಿಟ್ಟರೆ?

ತಡೆಯಲಾರದೆ ಕಾರ್ಕಳದ ಬಸ್ಸು ಹತ್ತಿದೆ. ಅಕ್ಕ ಟ್ಯಾಬ್ ಹಿಡಿದು ಜಗಲಿಯಲ್ಲೇ ಕೂತಿದ್ದಳು.

"ಸಾಕು ಮಾಡು ಅಕ್ಕ."

"ಯಾಕೆ? ಚಿತ್ರದಲ್ಲಿ ನಿನ್ನ ಮೂಗು ಸರಿ ಬರ್ಲಿಲ್ವಾ?"

"ತಮಾಷೆ ಬೇಡ. ಅವತ್ತು ಅವನು ಬೈಕಿನಲ್ಲಿರುವಾಗ ಫೋನ್ ಮಾಡಿದ್ದು ನಾನು."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಇದ್ದಳು.

"ಗೊತ್ತುಂಟು. ಪೊಲೀಸರು ಅವನ ಫೋನ್ ಕೊಟ್ಟದ್ದು ನನ್ನ ಕೈಗಲ್ವಾ? ಮೂರು ಮಿಸ್ಡ್ ಕಾಲ್ ಇತ್ತು."

"ಮೂರಾ? ನಾನು ಮಾಡಿದ್ದು ಒಂದೇ."

"ಹೌದು," ಎಂದಳು. "ನಿನ್ನದು ಒಂದೇ."

ಆಮೇಲೆ ಟ್ಯಾಬ್ ನನ್ನ ಕಡೆ ತಿರುಗಿಸಿದಳು. ಎಲ್ಲಿಯೂ ಹಾಕದ ಚಿತ್ರ. ಮುಚ್ಚಿದ ಬಾಗಿಲು, ಹೊರಗೆ ನಾನು ಮತ್ತು ಅವಳು, ಇಬ್ಬರ ಕಿವಿಯಲ್ಲೂ ಫೋನ್. ಒಳಗೆ ಎಲೆಯ ಪಕ್ಕದಲ್ಲಿ ತಮ್ಮನ ಫೋನ್ ಹೊಡೆದುಕೊಳ್ಳುತ್ತಿದೆ. ಅವನು ಅಜ್ಜನಿಗೆ ಹೇಳುತ್ತಿದ್ದಾನೆ: "ಇವರಿಬ್ಬರು ನನ್ನನ್ನು ಉಣ್ಣಲಿಕ್ಕೂ ಬಿಡುವುದಿಲ್ಲ ಅಜ್ಜ." ಕೊನೆಯ ಚೌಕ ಖಾಲಿ.

"ಮೂರು ವರ್ಷದಿಂದ ಇಷ್ಟೇ ಬಂದದ್ದು. ಇಲ್ಲಿಂದ ಮುಂದೆ ನಗು ಸಿಗುವುದಿಲ್ಲ," ಎಂದಳು ಅಕ್ಕ.

ನಾನು ಅವಳ ಪಕ್ಕದಲ್ಲಿ ಕೂತೆ. ನನ್ನದು ಒಂದು, ಅವಳದು ಎರಡು; ಆ ಮೂರರಲ್ಲಿ ಕೊನೆಯದು ಯಾರದ್ದೆಂದು ಕೇಳಲಿಲ್ಲ. ಗೊತ್ತಿದ್ದ ಅವಳೂ ಹೇಳಲಿಲ್ಲ.