ಐದು ಲೀಟರಿನ ಬಹುಮಾನ

ಕಾಲೇಜಿನ ಬಹುಮಾನ ಸಮಿತಿಗೆ ಸಂಚಾಲಕನಾದವನು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವರ್ಷಕ್ಕೊಂದಾದರೂ ತಾನಾಗಿ ಬಂದು ತಲೆಯ ಮೇಲೆ ಬೀಳುತ್ತದೆ. ನಮ್ಮದು ಪುತ್ತೂರು, ಸುಳ್ಯ, ಕಡಬದ ಮಕ್ಕಳು ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಕಲಿಯುವ ಇಂಜಿನಿಯರಿಂಗ್ ಕಾಲೇಜು. ಹೆಸರು ಹೇಳುವುದಿಲ್ಲ, ನನ್ನ ನಿವೃತ್ತಿಗೆ ಇನ್ನೂ ವರ್ಷಗಳಿವೆ.

ಧೂಳು ಹಿಡಿಯದ ಬಹುಮಾನ

ಬೆಳ್ಳಾರೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿರುವ ಹಾಜಿಯವರು ತಾಯಿಯ ನೆನಪಿಗೆ ಒಂದು ದತ್ತಿ ಬಹುಮಾನ ಇಟ್ಟರು. ಕಂಪ್ಯೂಟರ್ ವಿಭಾಗದ ಕೊನೆಯ ವರ್ಷದ ಮಕ್ಕಳಲ್ಲಿ ಪ್ರಥಮ ಬಂದವರಿಗೆ, ವರ್ಷಕ್ಕೊಂದು. ಟ್ರೋಫಿ ಕೊಡೋಣ ಎಂದೆ. ಮೊಮ್ಮಕ್ಕಳ ಟ್ರೋಫಿಗಳನ್ನು ಒರೆಸಿ ಒರೆಸಿ ಅವರ ಹೆಂಡತಿಗೆ ಸೊಂಟ ನೋವು ಬಂದಿದೆಯಂತೆ.

"ಉಪಯೋಗಕ್ಕೆ ಬರುವಂಥದ್ದು ಕೊಡುವ ಮಾಷ್ಟ್ರೇ. ಅಂಗಡಿಯಲ್ಲಿ ಬೇಕಾದಷ್ಟು ಉಂಟಲ್ಲ" ಎಂದರು.

ಸಮಾರಂಭದ ದಿನ ಐದು ಲೀಟರಿನ ಪ್ರೆಷರ್ ಕುಕ್ಕರ್ ಬಂತು. ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಸುವ ಹಾಗೆ ಅದರ ಮೈಮೇಲೆ ಹುಡುಗನ ಹೆಸರು, ಕೆಳಗೆ 'ಕಂಪ್ಯೂಟರ್ ವಿಭಾಗ' ಎಂದು ಕೊರೆಸಿದ್ದರು. ಕುಕ್ಕರನ್ನು ಕೈಯಲ್ಲಿ ಹಿಡಿದ ಮುಖ್ಯ ಅತಿಥಿಗಳು ಹುಡುಗನ ಪಕ್ಕ ನಿಂತು, ಮದುಮಗಳು ಎಲ್ಲಿ ಎನ್ನುವ ಹಾಗೆ ಎರಡೂ ಬದಿಗೆ ನೋಡಿದರು.

ಸಾಧನೆ ಸೀಟಿ ಹೊಡೆದದ್ದು

ಆ ಹುಡುಗ ಹಾಸ್ಟೆಲಿನವನು. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹಾಗಿಲ್ಲ. ಮಧ್ಯಾಹ್ನ ಎದುರಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ಹೊಡೆದಿದ್ದ ವಾರ್ಡನ್ ಸಂಜೆ ಅದೇ ಕುಕ್ಕರನ್ನು ವಶಪಡಿಸಿಕೊಂಡರು. ಹುಡುಗ ಸಪ್ಪೆ ಮುಖ ಮಾಡಿಕೊಂಡು ನನ್ನಲ್ಲಿಗೆ ಬಂದ. ಇದು ಪಾತ್ರೆಯಲ್ಲ, ಶೈಕ್ಷಣಿಕ ಸಾಧನೆ ಎಂದು ನಾನು ಪತ್ರ ಬರೆದು ಕೊಟ್ಟೆ. ಪತ್ರ ಓದಿದ ವಾರ್ಡನ್, ಹಾಗಾದರೆ ಸಾಧನೆಯನ್ನು ನನ್ನ ಕೋಣೆಯಲ್ಲೇ ಭದ್ರವಾಗಿ ಇಡುತ್ತೇನೆ ಎಂದರಂತೆ. ಭಾನುವಾರ ಮಧ್ಯಾಹ್ನ ಅವರ ಕೋಣೆಯಿಂದ ಸಾಧನೆ ಮೂರು ಸಲ ಸೀಟಿ ಹೊಡೆಯಿತು.

ಇದೇ ಹುಡುಗ ಮುಂದೆ ಕ್ಯಾಂಪಸ್ ಸಂದರ್ಶನದ ಅರ್ಜಿಯಲ್ಲಿ, ಪಡೆದ ಬಹುಮಾನಗಳು ಎಂಬಲ್ಲಿ ಪ್ರಾಮಾಣಿಕವಾಗಿ 'ಕುಕ್ಕರ್' ಎಂದು ಬರೆದ. ಬಂದವರು ಅರ್ಧ ಗಂಟೆ ಅದರ ಬಗ್ಗೆಯೇ ಕೇಳಿ, ನಕ್ಕು, ಕೆಲಸ ಕೊಟ್ಟು ಹೋದರು. ನಾವು ನಾಲ್ಕು ವರ್ಷ ಕಲಿಸಿದ ಪಾಠದಿಂದ ಒಂದು ಪ್ರಶ್ನೆಯೂ ಬರಲಿಲ್ಲ.

ಪಾತ್ರೆ ಮತ್ತು ಮುಚ್ಚಳ

ಕಳೆದ ಸಲದ್ದು ಮಾತ್ರ ನನ್ನ ಜೀವ ಹಿಂಡಿತು. ಪ್ರಥಮ ಬಂದವಳು ಕೊಲ್ಲಮೊಗ್ರಿನ ಹುಡುಗಿ. ತಾಯಿ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಮಗಳಿಗೆ ಬಹುಮಾನ ಎಂದು ಶಾಲೆಯ ಮಕ್ಕಳಿಗೆಲ್ಲ ಹೇಳಿ, ಅಡುಗೆಮನೆಯ ಹಲಗೆಯಲ್ಲಿ ಕುಕ್ಕರಿಗೆ ಜಾಗವನ್ನೂ ಮಾಡಿಟ್ಟಿದ್ದರು. ಹಾಜಿಯವರು ಒಂದು ವಾರ ಮೊದಲೇ ಹೆಸರು ಕೊರೆಸಿ ತಂದಿಟ್ಟಿದ್ದರು.

ಸಮಾರಂಭದ ಬೆಳಿಗ್ಗೆ ಮರುಮೌಲ್ಯಮಾಪನದ ಫಲಿತಾಂಶ ಬಂತು. ಅವಳ ಗೆಳತಿ, ಪಂಜದ ಹುಡುಗಿ, ಕೂದಲೆಳೆಯಷ್ಟು ಮುಂದೆ ಹೋಗಿದ್ದಳು. ನಾನು ಹೇಳುವ ಮೊದಲೇ ಕೊಲ್ಲಮೊಗ್ರಿನವಳು ಎದುರಿಗೆ ಬಂದು ನಿಂತಳು.

"ನನಗೆ ಬೇಜಾರಿಲ್ಲ ಸರ್. ಅಮ್ಮ ಬಸ್ಸು ಹತ್ತಿ ಆಯ್ತು. ಅವರಿಗೆ ಹೇಗೆ ಹೇಳುದು?"

ಬೇಜಾರಿಲ್ಲ ಎಂದವಳ ಕಣ್ಣು ತುಂಬಿತ್ತು. ನಾನು ಪ್ರಾಂಶುಪಾಲರ ಕೋಣೆಗೆ ಓಡಿದೆ. ಪ್ರಾಂಶುಪಾಲರು ನಿಯಮದ ಮನುಷ್ಯ. ದತ್ತಿಪತ್ರದಲ್ಲಿ ಒಂದು ಎಂದಿದ್ದರೆ ಒಂದೇ ಬಹುಮಾನ, ಇನ್ನೊಂದು ತರಿಸುವ ಮಾತೇ ಇಲ್ಲ ಎಂದರು. ಹಾಜಿಯವರದ್ದು ಇನ್ನೊಂದು ಹಟ. ಮಗುವಿನ ಹೆಸರು ಕೊರೆದದ್ದನ್ನು ಉಜ್ಜಿ ತೆಗೆಯುವ ಪಾಪದ ಕೆಲಸ ತನ್ನಿಂದಾಗದು ಎಂದರು. ಆಮೇಲೆ ಕುಕ್ಕರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮುಚ್ಚಳ ತೆಗೆದು ಪಕ್ಕದಲ್ಲಿಟ್ಟರು.

"ಬಹುಮಾನ ಒಂದೇ ಮಾಷ್ಟ್ರೇ. ತುಂಡು ಎರಡು ಉಂಟಲ್ಲ."

ಕೊರೆಯುವ ಮೆಷಿನು ಸದಾ ಅವರ ಕಾರಿನಲ್ಲೇ ಇರುತ್ತದೆ. ಪ್ರಾಂಶುಪಾಲರ ಸ್ವಾಗತ ಭಾಷಣದ ಉದ್ದಕ್ಕೂ ವೇದಿಕೆಯ ಹಿಂದೆ ಜುಂಯ್ ಎನ್ನುತ್ತಾ ಮುಚ್ಚಳದ ಮೇಲೆ ಪಂಜದವಳ ಹೆಸರು ಮೂಡಿತು. ಪ್ರಥಮ ಸ್ಥಾನಕ್ಕೆ ಮುಚ್ಚಳ, ದ್ವಿತೀಯಕ್ಕೆ ಪಾತ್ರೆ ಎಂದು ನಾನೇ ಮೈಕಿನಲ್ಲಿ ಘೋಷಿಸಿದೆ. ಸಭೆಯಲ್ಲಿ ಯಾರಿಗೂ ಚಪ್ಪಾಳೆ ಹೊಡೆಯುವುದೋ ನಗುವುದೋ ತಿಳಿಯಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ, ಸಮಾಧಾನದ ನಾಲ್ಕು ಮಾತು ಹೊಂದಿಸಿಕೊಂಡು ಆ ತಾಯಿಯ ಹತ್ತಿರ ಹೋದೆ. ಅವರು ಪಾತ್ರೆಯ ತಳವನ್ನು ಬೆರಳಿನಿಂದ ತಟ್ಟಿ ದಪ್ಪ ನೋಡುತ್ತಿದ್ದರು. ಮಗಳ ಹೆಸರಿನ ಮೇಲೆ ನಿಧಾನ ಕೈಯಾಡಿಸಿದರು. ಆಮೇಲೆ ಪಕ್ಕದಲ್ಲಿ ಮುಚ್ಚಳ ಹಿಡಿದು ನಿಂತಿದ್ದ ಪಂಜದ ಹುಡುಗಿಯನ್ನು ಕಂಡು ಅವರ ಮುಖ ಬಾಡಿತು.

"ಮೊದಲನೇದು ಬಂದವಳಿಗೆ ಬರೀ ಮುಚ್ಚಳವಾ ಸರ್?" ಎಂದು ನನ್ನನ್ನು ಕೇಳಿದರು. ನನ್ನ ಉತ್ತರಕ್ಕೆ ಕಾಯದೆ ಮಗಳ ಕಡೆ ತಿರುಗಿ, ನೀನು ಎರಡನೇದು ಬಂದದ್ದೇ ಒಳ್ಳೆದಾಯ್ತು ಎಂದು ಮೆಲ್ಲಗೆ ಹೇಳಿದರು. ಮಗಳು ಬೆಳಗಿನಿಂದ ತಡೆದಿದ್ದ ಅಳು ನಗುವಾಗಿ ಹೊರಬಂತು.

ತಾಯಿಗೆ ಮಾತ್ರ ಪಂಜದವಳ ಮೇಲಿನ ಕನಿಕರ ಇಳಿಯಲಿಲ್ಲ. ಅವಳ ತಲೆ ಸವರಿದರು.

"ಬೇಜಾರು ಮಾಡ್ಬೇಡ ಮಗಳೇ. ಬರುವ ವರ್ಷ ಅಂತ ಇಲ್ಲ ನಿಮಗೆ, ಎಂತ ಮಾಡುದು. ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಾ. ಬರುವಾಗ ಆ ಮುಚ್ಚಳ ತಾ."