ಗ್ರೀಕರ ಪಿತ್ತ, ನನ್ನ ನೆತ್ತಿ

ಹೊಸ ವಿಷಯವೊಂದು ತಲೆಗೆ ಹೊಕ್ಕರೆ ಅದನ್ನು ನಾಲ್ಕು ಜನಕ್ಕೆ ಹೇಳುವ ತನಕ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಇದು ಗುಣವೋ ರೋಗವೋ ಎಂದು ನನ್ನ ಹೆಂಡತಿ ಸುಮಾಳನ್ನು ಮಾತ್ರ ಕೇಳಬೇಡಿ. ಅವಳ ತೀರ್ಪು ನಾವು ಮೈಸೂರು ಬಿಟ್ಟು ಮೆಲ್ಬರ್ನ್‌ಗೆ ಬರುವ ಮೊದಲೇ ಆಗಿಹೋಗಿದೆ.

ಹಳೆಯ ಗ್ರೀಕರು, ರೋಮನ್ನರು ಹುಚ್ಚು ಎಂದರೆ ಏನೆಂದು ತಿಳಿದಿದ್ದರು ಎಂಬ ಬಗ್ಗೆ ಮಗಳು ನಿಧಿ ಶಾಲೆಯಲ್ಲಿ ಐದು ನಿಮಿಷ ಮಾತಾಡಬೇಕಿತ್ತು. ಅದೂ ಅಪ್ಪ ಅಮ್ಮಂದಿರ ಎದುರಿಗೆ. ಇವತ್ತಿನ ಕಾಲದ ಒಂದು ಉದಾಹರಣೆ ಕೊಡದಿದ್ದರೆ ಅರ್ಧ ಮಾರ್ಕ್ಸ್ ಹೋದಂತೆಯೇ. ಉದಾಹರಣೆ ಸಿಗದೆ ಹುಡುಗಿ ಉಗುರು ಕಚ್ಚುತ್ತ ಕೂತಿದ್ದಳು. ಅವಳ ಪುಸ್ತಕದಲ್ಲಿ ಇಣುಕಿದವನು ಕುರ್ಚಿಯಿಂದ ಎದ್ದೇಬಿಟ್ಟೆ. ದೇಹದಲ್ಲಿ ಕಪ್ಪು ಪಿತ್ತ ಹೆಚ್ಚಾದರೆ ಬುದ್ಧಿ ಕೆಡುತ್ತದಂತೆ! ನಮ್ಮಜ್ಜಿ ಗ್ರೀಸ್ ದೇಶದ ಹೆಸರೇ ಕೇಳಿದವಳಲ್ಲ. ಆದರೂ ತಾತ ಕೂಗಾಡಿದಾಗಲೆಲ್ಲ "ಪಿತ್ತ ನೆತ್ತಿಗೇರಿದೆ" ಎನ್ನುತ್ತ ಹರಳೆಣ್ಣೆ ಬಟ್ಟಲು ಹಿಡಿದು ಬರುತ್ತಿದ್ದಳು. ದೇವರು ಮೈಮೇಲೆ ಬಂದು ಭವಿಷ್ಯ ನುಡಿಯುವ ಹೆಂಗಸರೂ ಗ್ರೀಕರಲ್ಲಿ ಇದ್ದರಂತೆ. ಅದೂ ಹುಚ್ಚೇ, ಆದರೆ ಜನ ಕೈಮುಗಿಯುವ ಹುಚ್ಚು. ಎಲ್ಲ ನಮ್ಮೂರಿನ ಹಾಗೇ ಅಲ್ಲವೇ?

"ಅಜ್ಜೀದೇ ಉದಾಹರಣೆ ಕೊಡು ಪುಟ್ಟಿ, ಫುಲ್ ಮಾರ್ಕ್ಸ್" ಎಂದೆ.

"ಅಪ್ಪಾ, ಅದು ಇವತ್ತಿಂದಲ್ಲ. ಪ್ಲೀಸ್, ಸ್ಟಾಪ್ ಹೆಲ್ಪಿಂಗ್" ಎಂದಳು.

ನಾನು ಬಿಡುವ ಆಸಾಮಿಯೇ? ಮೂರು ದಿನ ಆಫೀಸಿನಲ್ಲಿ ಪಿತ್ತ, ಊಟಕ್ಕೆ ಕೂತರೆ ಪಿತ್ತ, ಸಿಡ್ನಿಯ ಗಿರಾವೀನ್‌ನಲ್ಲಿರುವ ಗೆಳೆಯ ಮಂಜುವಿಗೆ ಫೋನಿನಲ್ಲೂ ಪಿತ್ತ. ಪ್ರಯೋಗವೂ ಆಗಿಬಿಡಲಿ ಎಂದು ಭಾನುವಾರ ನೆತ್ತಿಗೆ ಹರಳೆಣ್ಣೆ ಸುರಿದುಕೊಂಡೆ. ಎಣ್ಣೆ ಹಣೆಯಿಂದ ಮೂಗಿಗೆ ಇಳಿಯುತ್ತಿದ್ದರೂ ಮೊಬೈಲಿನಲ್ಲಿ ಮಂಜುವಿಗೆ ವಿವರಿಸುತ್ತಲೇ ಇದ್ದೆ. ನಿಧಿ ಕ್ಯಾಮೆರಾ ತಂದು ಒಂದು ಫೋಟೊ ತೆಗೆದಳು. ಮಗಳಿಗೆ ಕೊನೆಗೂ ಆಸಕ್ತಿ ಹುಟ್ಟಿತಲ್ಲ ಎಂದು ಹಲ್ಲು ಕಿರಿದೆ.

"ರೀ, ರೋಮನ್ನರು ಇಂಥೋರನ್ನ ಏನ್ ಮಾಡ್ತಿದ್ರಂತೆ?" ಎಂದಳು ಸುಮಾ.

"ಅವರನ್ನೂ ಅವರ ಸಾಮಾನನ್ನೂ ಮನೆಯವರ ಸುಪರ್ದಿಗೆ ಕೊಡ್ತಿದ್ರು ಕಣೇ. ಎಂಥಾ ಕಾನೂನು ನೋಡು."

"ಹೌದಾ" ಎಂದು ಒಳಗೆ ಹೋದಳು.

ನಿಧಿ ಮಾತಾಡುವ ದಿನ ಸುಮಾಳ ಜೊತೆ ಶಾಲೆಯ ಹಾಲ್‌ನಲ್ಲಿ ಮೊದಲ ಸಾಲಿನಲ್ಲೇ ಕೂತೆ. ಶುರುವಿನಲ್ಲಿ ನಿಧಿಯ ದನಿ ನಡುಗಿತು. ಕಪ್ಪು ಪಿತ್ತ ದಾಟಿ ಅವಳು ಉದಾಹರಣೆಗೆ ಬಂದಳು. ಪರದೆಯ ಮೇಲೆ ಎಣ್ಣೆ ಸುರಿಯುವ ತಲೆ, ಕಿರಿದ ಹಲ್ಲು, ಕಿವಿಗೆ ಫೋನು.

"ದಿಸ್ ಈಸ್ ಮೈ ಡ್ಯಾಡ್. ಟೂ ಮಚ್ ಪಿತ್ತ" ಎಂದಳು.

ಇಡೀ ಹಾಲ್ ನಕ್ಕಿತು. ಟೀಚರಂತೂ ಕಣ್ಣೊರೆಸಿಕೊಂಡು ಫುಲ್ ಮಾರ್ಕ್ಸ್ ಎಂದರು. ನನಗೆ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು. ಮೆಲ್ಬರ್ನಿನ ಶಾಲೆಯಲ್ಲಿ ನಮ್ಮಜ್ಜಿಯ ಪಿತ್ತ! ಇದನ್ನು ಮಂಜುವಿಗೆ ಈಗಲೇ ಹೇಳಬೇಕೆಂದು ಜೇಬಿಗೆ ಕೈ ಹಾಕಿದೆ. ಫೋನ್ ಇರಲಿಲ್ಲ.

ಪಕ್ಕದಲ್ಲಿ ಸುಮಾ ತನ್ನ ಬ್ಯಾಗಿನ ಜಿಪ್ ಎಳೆಯುತ್ತ, "ರೋಮನ್ ಕಾನೂನು ಕಣ್ರೀ" ಎಂದಳು.